ಸಾಸಿವೆ ಗಿಡದ ಸಾಕ್ಷಿ

ನನ್ನ ಗಂಡ ಬಿಸ್ಕತ್ತು ತಿಂದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಇವರ ದವಡೆಯ ಸದ್ದು ಅಡಗಲಿಲ್ಲ.

ಸಸ್ಯವಿಜ್ಞಾನ ಓದಿದ ನನ್ನ ತಂಗಿ ಒಮ್ಮೆ ಸಾಸಿವೆ ಸಸಿಗಳ ಎರಡು ಕುಂಡ ತಂದಳು. ಒಂದನ್ನು ಮಹಡಿಯ ಕೋಣೆಯಲ್ಲಿಟ್ಟು, ಹುಳು ಎಲೆ ಮೇಯುವಾಗಿನಂತೆಯೇ ಅದುರುವ ಪುಟ್ಟ ಯಂತ್ರ ಅಂಟಿಸಿದಳು. ಹುಳು ಬಂತೆಂದು ಗಿಡ ಬೆದರಿ ಎಲೆಗೆಲ್ಲ ಖಾರದ ರಸ ತುಂಬಿಕೊಳ್ಳುತ್ತದಂತೆ. ಯಂತ್ರವಿಲ್ಲದ ಇನ್ನೊಂದು ಕುಂಡ, ಹೋಲಿಸಿ ನೋಡಲೆಂದು, ಊಟದ ಮೇಜಿನ ಮೇಲೆ ಉಳಿಯಿತು.

ವಾರದ ಬಳಿಕ ಎರಡರ ಎಲೆಯನ್ನೂ ರುಚಿ ನೋಡಿದಳು. ಯಂತ್ರದ ಗಿಡ ಖಾರವಾಗಿತ್ತು. ಮೇಜಿನ ಗಿಡದ ಖಾರಕ್ಕಂತೂ ಅವಳ ಕಣ್ಣಲ್ಲಿ ನೀರೇ ಬಂತು.

“ಅಕ್ಕಾ, ಇದಕ್ಕೆ ಯಾವ ಹುಳ ಬಿದ್ದಿತ್ತು?”

ಅಷ್ಟರಲ್ಲಿ ಇವರು ಬಂದು ಕೂತು ಬಿಸ್ಕತ್ತು ಕಡಿದರು. ಕರಂ ಕುರುಂ! ಮೇಜು ಅದುರಿತು, ಕುಂಡ ಅದುರಿತು, ಎಲೆಗಳೆಲ್ಲ ಗಡಗಡ ನಡುಗಿದವು. ನಾವಿಬ್ಬರೂ ಮುಖ ಮುಖ ನೋಡಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಯಾಕ್ರೇ, ಏನಾಯ್ತು?” ಎನ್ನುತ್ತಾ ಇವರು ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಮರುಕ್ಷಣ ಮುಖ ಕೆಂಪಾಗಿ ಎದ್ದುನಿಂತರು. “ಅಯ್ಯೋ, ನೀರು, ನೀರು!”

“ಭಾವ,” ಎಂದಳು ತಂಗಿ, “ಆ ಖಾರ ಗಿಡ ನಿಮಗೇ ಅಂತ ಮಾಡಿಟ್ಟಿದ್ದು.”