ಒಂದು ಕಡಿಮೆ ಹೇಳಿದ ಕೇರಿ

"ಪುಸ್ತಕದಲ್ಲಿ ನಿಂಗೆ ಒಂದೇ ಮಗ. ಇದನ್ನ ಎಲ್ಲಿಂದ ಹೊತ್ಕಂಡು ಬಂದ್ಯೇ? ಬಾಡಿಗೆಗೆ ತಂದ್ಯಾ?"

ಪಂಚಾಯ್ತಿ ಗುಮಾಸ್ತ ದೇವಿದಾಸ ಇಷ್ಟು ಹೇಳಿ, ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಉಮೇಶನ ಮುಖ ನೋಡಿ ನಕ್ಕ. ಉಮೇಶ ಮೂರು ಬೋಟುಗಳ ಒಡೆಯ, ಪಂಚಾಯ್ತಿಯ ಅಧ್ಯಕ್ಷ. ಎದುರಿಗೆ ನಿಂತ ಕಮಲಿ ಅವನ ಒಣಮೀನಿನ ಕಣದಲ್ಲಿ ದಿನಗೂಲಿ. ಅಧ್ಯಕ್ಷರೂ ನಕ್ಕಿದ್ದು ಕಂಡು ಗುಮಾಸ್ತನಿಗೆ ಇನ್ನೊಂದು ಮಾತು ಹೊಳೆಯಿತು.

"ತರೂದೇ ಆದ್ರೆ ನೆಟ್ಟಗಿದ್ದದ್ದನ್ನ ತರೂಕಾಗ್ಲಿಲ್ವಾ ಮಾರಾಯ್ತಿ?"

ಕಮಲಿ ಸೊಂಟದ ಮೇಲಿದ್ದ ನಾಗನನ್ನು ಇನ್ನಷ್ಟು ಮೇಲಕ್ಕೆ ಸರಿಸಿಕೊಂಡಳು. ನಾಗನಿಗೆ ಒಂಬತ್ತು ವರ್ಷ. ಕಾಲು ನೆಲಕ್ಕೆ ಊರುವುದಿಲ್ಲ, ಕುತ್ತಿಗೆ ತಲೆಯನ್ನು ಹೊರುವುದಿಲ್ಲ, ಕೈ ಹೇಳಿದ ಮಾತು ಕೇಳುವುದಿಲ್ಲ. ಮಾತು ಹೊರಬೀಳಲು ಹೊತ್ತು ಹಿಡಿಯುತ್ತದೆ. ತಲೆಯೊಳಗಿನದು ಮಾತ್ರ ಚುರುಕು. ಅಣ್ಣ ಕಿಶೋರ ಪಾಠ ಓದುವಾಗ ಒಂದು ಸಾಲು ಹಾರಿಸಿದರೆ ಸಾಕು, ಚಾಪೆಯ ಮೇಲಿಂದ ನಾಗ ಕೂಗು ಹಾಕುತ್ತಾನೆ. ಕಿಶೋರ ಬೈದುಕೊಳ್ಳುತ್ತಲೇ ಹಿಂದಕ್ಕೆ ಹೋಗಿ ಓದುತ್ತಾನೆ.

"ಮಗ ನಂದೇ, ದೇವಿದಾಸಣ್ಣ. ಹೆಸರು ನಾಗ. ಪಟ್ಟೀಲಿ ಬರ್ಕೊಳ್ಳಿ. ಪಟ್ಟೀಲಿ ಇದ್ದ ಮಕ್ಳಿಗೆ ವಾರಕ್ಕೆರಡು ಸಲ ಮನೀಗೇ ಮಾಸ್ತರು ಬತ್ರಂತೆ. ಶಾಲೇಲೂ ಸೇರಿಸ್ಕಣ್ತ್ರಂತೆ."

"ಬರೀಲಿಕ್ಕೆ ನಾ ಯಾರೇ? ಧಾರವಾಡದ ಅಕ್ಕೋರು ಮನೆಮನೆ ತಿರುಗಿ ಬರ್ಕೊಂಡು ಹೋಗಿದ್ರು. ನಿಮ್ಮ ಕೇರಿ, ನಲವತ್ತೊಂದು ಮನೆ. ಇಂಥಾ ಮಕ್ಕಳು, ಸೊನ್ನೆ. ಕೆಳಗೆ ನಿನ್ನ ಸಹಿನೂ ಅದೆ, ನೋಡು. ನಾಳೆ ಕಾರವಾರದ ಸಾಹೇಬ್ರು ಬಂದು ರುಜು ಹಾಕ್ತ್ರು. ಮತ್ತೆ ಮೂರು ವರ್ಷ ಆ ಪುಸ್ತಕ ತೆಗಿಯೂದಿಲ್ಲ."

ಆ ಹೊತ್ತಿಗೆ ನಾಗನ ಬಲಗೈ ತನ್ನಷ್ಟಕ್ಕೆ ಎದ್ದು ಬೀಸಿತು. ಮೇಜಿನ ಮೇಲಿನ ಶಾಯಿಯ ಡಬ್ಬಿ ಮಗುಚಿತು.

"ಥೂ, ರಾಂಡೇ! ಹಡೆಯೂದು ಇಂಥದ್ದು, ಹೊತ್ಕಂಡು ಬರೂದು ಕಚೇರಿಗೆ! ಒರೆಸು. ಬಟ್ಟೆ ಹುಡುಕ್ಬೇಡ, ಸೆರಗಲ್ಲೇ ಒರೆಸು."

ಕಮಲಿ ಮಗನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಮೇಜು ಒರೆಸಿದಳು. ಉಮೇಶ ಚಹಾ ಮುಗಿಸಿ ಲೋಟ ಕೆಳಗಿಟ್ಟ. ಅವನ ದನಿ ಮೆತ್ತಗಿತ್ತು.

"ಕಮಲಿ, ಕಣಕ್ಕೆ ಹೋಗು. ತಾರ್ಲಿ ಮಗ್ಗಲು ಹಾಕೂ ಹೊತ್ತಾಯ್ತು. ಸೊನ್ನೆ ಅಂತ ಇದ್ರೆ ಊರಿಗೇ ಒಂದು ಮರ್ಯಾದೆ. ನಾಳೆ ನಮ್ಗೆ ಶಾಲು ಹೊದಿಸ್ತ್ರು. ನೀ ಮಧ್ಯೆ ಬಾಯಿ ಹಾಕ್ಬೇಡ."

*

ಅಮದಳ್ಳಿಯಿಂದ ಅಂಕೋಲೆಯ ಕಡೆ ಹೋಗುವಾಗ ಹೆದ್ದಾರಿಯ ಕೆಳಗೆ, ಮರಳು ದಿಬ್ಬದ ಒತ್ತಿಗೆ ಆ ಕೇರಿ. ಕಡಲಿಗೆ ಕೈಮುಗಿಯದೆ ನೀರಿಗೆ ಕಾಲಿಡುವವರು ಅಲ್ಲಿ ಯಾರೂ ಇಲ್ಲ. ಮೊದಲು ಅವರು ಇನ್ನೊಂದು ದಂಡೆಯಲ್ಲಿದ್ದರು. ನೌಕಾನೆಲೆಗೆ ಆ ದಂಡೆ ಬೇಕಾಯಿತು. ಅದಕ್ಕೂ ಮುಂಚೆ ಎಣಿಸುವವರು ಬಂದಿದ್ದರು. ಮನೆ ಎಣಿಸಿದರು, ಬಾವಿ ಎಣಿಸಿದರು, ತೆಂಗಿನ ಮರಗಳಿಗೆ ಸುಣ್ಣದಲ್ಲಿ ನಂಬರು ಹಾಕಿದರು, ತಲೆ ಎಣಿಸಿದರು. ಎಣಿಸಿ ಮುಗಿದ ಮೇಲೆ ಊರು ಹೋಯಿತು.

ಅಂದಿನಿಂದ ಕೇರಿಯಲ್ಲೊಂದು ರೂಢಿ. ಪೆನ್ನು ಹಿಡಿದವರು ಬಂದು ಏನು ಕೇಳಿದರೂ ಒಂದು ಕಡಿಮೆ ಹೇಳುವುದು. ಬುಟ್ಟಿ ನಾಲ್ಕಿದ್ದರೆ ಮೂರು. ಕೋಳಿ ಆರಿದ್ದರೆ ಐದು. ಒಂದನ್ನಾದರೂ ಅವರ ಪುಸ್ತಕದಿಂದ ಆಚೆ ಉಳಿಸಿಕೊಳ್ಳಬೇಕು. ಕಮಲಿ ಮದುವೆಯಾಗಿ ಬಂದ ವಾರವೇ ಅತ್ತೆ ಬೀರಮ್ಮ ಒಲೆ ಹಚ್ಚುವುದರ ಜೊತೆಗೆ ಇದನ್ನೂ ಕಲಿಸಿದ್ದಳು.

ಧಾರವಾಡದ ಅಕ್ಕೋರು, ಅಮಿತಾ ಎಂದು ಹೆಸರು, ಮಳೆ ನಿಂತ ಮೇಲೆ ಬಂದಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಬಾಗಿಲಲ್ಲಿ ನಿಂತು "ಮಕ್ಕಳೆಷ್ಟು?" ಎಂದು ಕೇಳಿದಾಗ ಬೀರಮ್ಮ ಒಳಗಿನಿಂದ ಕೆಮ್ಮಿದಳು. ನಾಗ ಬಲೆಯ ರಾಶಿಯ ಹಿಂದೆ ಮಲಗಿದ್ದ. ಕಮಲಿ "ಒಂದೇ" ಎಂದಳು. ಸಹಿ ಹಾಕಿದಳು. ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಸಹಿ ಮಾಡುವುದೆಂದರೆ ಅವಳಿಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಇವತ್ತು ಪಂಚಾಯ್ತಿಯಿಂದ ಬಂದ ಕಮಲಿ ನಾಗನನ್ನು ಕಣದ ನೆರಳಲ್ಲಿ ಮಲಗಿಸಿ ಬಿಸಿಲಿಗೆ ಹರಡಿದ ತಾರ್ಲಿ ಮೀನನ್ನು ತಿರುವಿ ಮಗ್ಗಲು ಹಾಕತೊಡಗಿದಳು. ಪಕ್ಕದ ಸಾಲಿನಲ್ಲಿ ಕೂತಿದ್ದ ನೆರೆಮನೆಯ ವೈಜಯಂತಿ ಶಾಯಿ ಹತ್ತಿದ ಸೆರಗು ನೋಡಿ ಕೇಳಿದಳು, ಕಮಲಿ ಎಲ್ಲ ಹೇಳಿದಳು. ವೈಜಯಂತಿ ಕೈಯಲ್ಲಿದ್ದ ಮೀನನ್ನು ಎರಡು ಸಲ ಮಗುಚಿದಳು.

"ನಾನೂ ಹಂಗೇ ಹೇಳ್ದೆ, ಕಮಲಿ."

"ಎಂತಾ ಹೇಳ್ದೆ?"

"ಮೂರಿದ್ದದ್ದು ಎರಡು ಅಂದೆ. ವಿನುತಾನ್ನ ಬಿಟ್ಟೆ."

ವಿನುತಾಗೆ ಹನ್ನೆರಡು. ಹುಟ್ಟಿದಂದಿನಿಂದ ಕಿವಿ ಕೇಳದು.

"ಎಂತಕ್ಕೆ ಅದ್ನೇ ಬಿಟ್ಟೆ? ದೊಡ್ಡದನ್ನ ಬಿಡೂಕಾಗ್ತಿತ್ತಲ್ಲ?"

"ನೀ ಎಂತಕ್ಕೆ ಕಿಶೋರನ್ನ ಬಿಡ್ಲಿಲ್ಲ?"

ಇಬ್ಬರ ಕೈಯೂ ನಿಂತಿತು. ಮೀನಿನ ಮೇಲೆ ಕೂತ ಕಾಗೆಯನ್ನು ಯಾರೂ ಓಡಿಸಲಿಲ್ಲ. ಕೇರಿಯ ಮನೆಗಳು ಒಂದೊಂದಾಗಿ ಕಮಲಿಯ ಕಣ್ಣ ಮುಂದೆ ಬಂದವು. ಎಲ್ಲರೂ ಒಂದು ಕಡಿಮೆ ಹೇಳಿದ್ದರು. ಆ ಒಂದು ಯಾವುದೆಂದು ಯಾವ ಮನೆಯಲ್ಲೂ ಯೋಚನೆ ಮಾಡಬೇಕಾಗಿ ಬಂದಿರಲಿಲ್ಲ.

ಅವಳು ಎದ್ದು ಸೆರಗು ಸಿಕ್ಕಿಸಿ ನಾಗನನ್ನು ಎತ್ತಿಕೊಂಡಳು.

"ಎಲ್ಲಿಗೇ? ಅರ್ಧ ಸಾಲು ಹಂಗೇ ಅದೆ. ಆ ಸೂಳೆಮಗ ಉಮೇಶ ಬಂದ್ರೆ ಕೂಲಿ ಮುರೀತಾನೆ."

"ಮುರೀಲಿ. ಅಕ್ಕೋರು ಬರೀದೇ ಬಿಟ್ಟದ್ದನ್ನ ನಾ ಬರ್ಕಂಡು ಬತ್ತೆ."

*

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯ ಬಿಳಿಯಲ್ಲಿ ಅವಳು ಮೊದಲು ತನ್ನ ಮಗನ ಹೆಸರು ಬರೆದಳು. ಬೀರಮ್ಮ ಹೊಸ್ತಿಲಲ್ಲಿ ಅಡ್ಡ ಕೂತಳು.

"ಕಾಗದದ ಮೇಲೆ ಹೋದದ್ದು ಯಾವ್ದೂ ನಮ್ಗೆ ವಾಪಸ್ ಬರ್ಲಿಲ್ಲ, ನೆನಪಿಟ್ಕೋ. ತೆಂಗಿನ ಮರ ಹೋಯ್ತು, ಗುಡಿ ಹೋಯ್ತು. ಈಗ ಮೊಮ್ಮಗನ್ನ ಕೊಡ್ತ್ಯಾ?"

"ಅತ್ತೇ, ನಿಮ್ಮ ಮರ ಪುಸ್ತಕದಲ್ಲಿ ಇದ್ದದ್ದಕ್ಕೆ ಹೋಯ್ತು. ನನ್ನ ಮಗ ಪುಸ್ತಕದಲ್ಲಿ ಇಲ್ದೇ ಹೋಗ್ತಾನೆ."

ಮುದುಕಿ ಹೊಸ್ತಿಲಿನ ಎರಡೂ ಬದಿಗೆ ಕೈಯೂರಿದಳು. ದಾರಿ ಬಿಡಲಿಲ್ಲ. ಕಮಲಿ ದಾಟಿಕೊಂಡು ಹೋದಳು.

ವೈಜಯಂತಿಯ ಮನೆಯಲ್ಲಿ "ಇದ್ಕೆ ಎಂತಾ ಬೇಕು?" ಎಂದು ಕೇಳಿದಾಗ ಕಣದಿಂದ ಹಿಂದೆಯೇ ಬಂದಿದ್ದ ವಿನುತಾಳ ತಾಯಿ ತಬ್ಬಿಬ್ಬಾದಳು. "ನಂಗೇನು ಗೊತ್ತು? ಕೇಳ್ಲೇ ಇಲ್ಲ ಯಾವತ್ತೂ." ವಿನುತಾ ಇಬ್ಬರ ತುಟಿಯನ್ನೂ ನೋಡುತ್ತ ನಿಂತಿದ್ದಳು. ಕಮಲಿಯ ಕೈಯಿಂದ ಪೆನ್ಸಿಲು ತೆಗೆದುಕೊಂಡು ಹಾಳೆಯ ಮೂಲೆಯಲ್ಲಿ ದುಂಡಗೆ ಬರೆದಳು: ಅಯೋಡಿನ್ ಉಪ್ಪು. ಆಮೇಲೆ ಉಪ್ಪಿನ ಪೊಟ್ಟಣ ತಂದು ಆ ಅಕ್ಷರಗಳ ಮೇಲೆ ಬೆರಳಿಟ್ಟು, ಹುಬ್ಬು ಎತ್ತಿ, ಇದು ಏನು ಎಂದು ಕೇಳಿದಳು. ಅಕ್ಷರ ಬರೆಯಲು ತಾನೇ ಕಲಿತಿದ್ದಳು. ಅದರ ಅರ್ಥ ಹೇಳಿಕೊಟ್ಟವರಿರಲಿಲ್ಲ. ವೈಜಯಂತಿ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದಳು.

ಹೊನ್ನನ ಮನೆಯಲ್ಲಿ ಕಣ್ಣು ಕಾಣದ ಆಶಿಷ. ಬೆರಳು ಆಡಿಸಿಯೇ ಸೆಟ್ಲಿ ಸೀಗಡಿಯ ರಾಶಿಯಿಂದ ಸಣ್ಣ ಮೀನು ಬೇರೆ ಮಾಡುತ್ತಿದ್ದ. "ಎಂತಾ ಬೇಕಾ ನಿಂಗೆ?" ಎಂದರೆ, "ಆಟದಾಗೆ ಬರೀ ಅಂಪೈರ್ ಮಾಡ್ತ್ರು, ಕಮಲಕ್ಕಾ. ನಂಗೆ ಬ್ಯಾಟು ಬೇಕು," ಎಂದ. ಕಮಲಿ ನಗುತ್ತಲೇ ಅದನ್ನೂ ಬರೆದಳು. ಕುಪ್ಪನ ಮನೆಯ ಕೂಸಿಗೆ ಎರಡು ವರ್ಷ, ಇನ್ನೂ ಕೂರದು. ಅದರ ತಾಯಿ ಕಮಲಿಯನ್ನು ಒಳಗೆ ಕರೆದು, ಕೂಸಿನ ಹೆಸರು ಹೇಳುವ ಮೊದಲು ಬಾಗಿಲು ಹಾಕಿದಳು, ಹೇಳಿದ ಮೇಲೆ ತೆರೆದಳು.

ಜಟ್ಟಪ್ಪನ ಅಂಗಳದಲ್ಲಿ ಬೈಗುಳವೇ ಎದುರು ಬಂತು.

"ಹೋಗೇ ಬೋಳಿ! ನನ್ನ ಮನೆ ಮಾನ ಕಾಗ್ದದ ಮೇಲೆ ಹರಡೂಕೆ ಬಂದ್ಯಾ?"

ಅವನ ಮೊಮ್ಮಗ ಸುಮಿತ ತೆಂಗಿನ ಬುಡದಲ್ಲಿದ್ದ. ಅಪಸ್ಮಾರದ ಹುಡುಗ, ಒಮ್ಮೆ ನೀರಿನಂಚಿನಲ್ಲಿ ಬಿದ್ದು ಸಾಯುವುದು ತಪ್ಪಿತ್ತು. ಅಪ್ಪ ಅವ್ವ ಇಬ್ಬರೂ ಬೋಟಿನ ಕೆಲಸಕ್ಕೆ ಹೋದರೆ ಮುದುಕ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಮರಕ್ಕೆ ಬಿಗಿಯುತ್ತಿದ್ದ. ಕಮಲಿ ಮರುಮಾತಿಲ್ಲದೆ ಹೊರಟಳು. ಬೇಲಿ ದಾಟುವಾಗ ಹಿಂದಿನಿಂದ ಕರೆ ಬಂತು.

"ತಂಗೀ."

ಮುದುಕ ಹುಡುಗನ ಅಂಗಿ ಎತ್ತಿದ್ದ. ಸೊಂಟದ ಸುತ್ತ ತೊಗಲು ಸುಲಿದು ಕಪ್ಪಗಾಗಿತ್ತು.

"ಮೆತ್ತಗಿನ ಹಗ್ಗ ಬೇಕು ಅಂತ ಬರಿ." ಅಂಗಿ ಇಳಿಸಿ ಅಂದ, "ಅಲ್ಲ. ಗೀಟು ಹೊಡಿ ಅದಕ್ಕೆ. ಹಗ್ಗ ಬೇಡಾ ಅಂತ ಬರಿ. ಔಷಧ ಬೇಕು, ನೋಡ್ಕೊಳ್ಳೂಕೆ ಒಬ್ರು ಬೇಕು ಅಂತ ಬರಿ."

ದೀಪ ಹಚ್ಚುವ ಹೊತ್ತಿಗೆ ಐದು ಹೆಸರಾಗಿತ್ತು.

*

ಮರುದಿನ ಪಂಚಾಯ್ತಿಯ ಸಭಾಭವನದಲ್ಲಿ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಹಿಂದೆ ದೊಡ್ಡ ಬ್ಯಾನರು: ವಿಕಲಚೇತನ ಮಕ್ಕಳ ಅಗತ್ಯಗಳು ಮತ್ತು ಹಕ್ಕುಗಳು. ಕಾರವಾರದ ಸಾಹೇಬರು ನಡುವೆ, ಉಮೇಶ ಅವರ ಬಲಕ್ಕೆ, ಹೆಗಲ ಮೇಲೆ ಆಗಲೇ ಶಾಲು. ಅಮಿತಾ ಎಡಕ್ಕೆ ಕೂತು ವರದಿ ಓದುತ್ತಿದ್ದಳು. ಬಾಗಿಲಲ್ಲಿ ದೇವಿದಾಸ ಕೈ ಅಡ್ಡ ಹಾಕಿದ.

"ಎಲ್ಲಿಗೆ ಹಿಂಡು ಕಟ್ಕಂಡು? ಮೀನು ನಾತಕ್ಕೆ ಸಾಹೇಬ್ರಿಗೆ ವಾಂತಿ ಬತ್ತದೆ."

"ಇಲ್ಲಿಗೆ ಬರೂಕೆ ಮುಂಚೆ ಉಮೇಶನ ಮನೇಲಿ ಇಸ್ವಾಣ ಮೀನು ನುಂಗುವಾಗ ನಾತ ಬರ್ಲಿಲ್ವಾ ಅವ್ರಿಗೆ?" ಎಂದಳು ವೈಜಯಂತಿ. ಹಿಂದೆ ನಿಂತ ಹೆಂಗಸರು ನಕ್ಕರು. ನಗುವಿನ ನಡುವೆಯೇ ಅವನ ಕೈ ಸರಿಸಿ ಎಲ್ಲರೂ ಒಳಗೆ ಬಂದರು. ಕಮಲಿಯ ಸೊಂಟದಲ್ಲಿ ನಾಗ. ಜಟ್ಟಪ್ಪನ ಕೈ ಹಿಡಿದು ಸುಮಿತ. ಎಲ್ಲರ ಹಿಂದೆ, ಯಾರೂ ಕರೆಯದೆ, ಬೀರಮ್ಮ.

ಉಮೇಶ ಎದ್ದ. "ನಾಳೆಯಿಂದ ಒಬ್ಳೂ ನನ್ನ ಕಣಕ್ಕೆ ಕಾಲಿಡ್ಬೇಡಿ!"

"ನಿನ್ನ ತಾರ್ಲಿ ನೀನೇ ಮಗ್ಗಲು ಹಾಕ್ಕೋ," ಎಂದಿತು ಹಿಂದಿನ ಒಂದು ದನಿ.

ಕಮಲಿ ಕ್ಯಾಲೆಂಡರಿನ ಹಾಳೆಯನ್ನು ಸಾಹೇಬರ ಮುಂದಿಟ್ಟಳು. "ಐದು ಮಕ್ಕಳು ಅವ್ರೆ. ಯಾರಿಗೆ ಎಂತಾ ಬೇಕು ಅಂತ ಬರ್ದದೆ. ಪುಸ್ತಕದಲ್ಲಿ ಹಾಕ್ರಿ."

ಅಮಿತಾ ಓದು ನಿಲ್ಲಿಸಿದಳು. ತನ್ನ ಕಾಗದ ತಿರುವಿ, ಸಹಿ ಹುಡುಕಿ, "ಕಮಲಿಯವರೇ, ನೀವೇ ಒಬ್ಬನೇ ಮಗ ಅಂದಿದ್ರಿ," ಎಂದಳು.

"ಹೌದು ಅಕ್ಕೋರೇ. ಸುಳ್ಳು ಹೇಳ್ದೆ. ಆ ಪಾಪ ನಂದು, ದೇವ್ರ ಮುಂದೆ ನಾ ಹೇಳ್ಕಣ್ತೆ. ನೀವು ಚಪ್ಪಲಿ ಬಿಡದೇ ಬಾಗಿಲಲ್ಲೇ ನಿಂತು ಬರ್ಕೊಂಡ್ರಿ. ಎರಡು ಹೆಜ್ಜೆ ಒಳಗೆ ಬಂದಿದ್ರೆ ಇವ ನಗೂದು ಕೇಳ್ತಿತ್ತು ನಿಮ್ಗೆ."

ಸಾಹೇಬರು ಗಡಿಯಾರ ನೋಡಿದರು. "ನೋಡಮ್ಮ, ಇದು ಅಂತಿಮ ಆದ ದಾಖಲೆ. ತಿದ್ದುಪಡಿಗೆ ಅರ್ಜಿ ಕೊಡಿ, ಪರಿಶೀಲಿಸೋಣ. ಈಗ ಈ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ."

"ಯಾವ ಮಕ್ಕಳನ್ನ ಸಾಹೇಬ್ರೇ? ಪುಸ್ತಕದಲ್ಲಿ ಸೊನ್ನೆ ಅದೆ."

ಹಾಗೆಂದು ಕಮಲಿ ವೇದಿಕೆ ಹತ್ತಿ ನಾಗನನ್ನು ಅಮಿತಾಳ ತೊಡೆಯ ಮೇಲೆ ಇಟ್ಟಳು. ವರದಿಯ ಹಾಳೆಗಳು ಜಾರಿ ನೆಲಕ್ಕೆ ಬಿದ್ದವು.

"ಕುತ್ತಿಗೆ ಹಿಂದೆ ಕೈ ಕೊಡ್ರಿ. ಇಲ್ದಿದ್ರೆ ತಲೆ ಹಿಂದಕ್ಕೆ ಬೀಳ್ತದೆ. ಇನ್ನೊಂದು ಕೈ ಬೆನ್ನಿಗೆ. ಗಟ್ಟಿ ಹಿಡೀಬೇಡಿ, ಅವಂಗೆ ಸಿಟ್ಟು ಬತ್ತದೆ."

ವೈಜಯಂತಿ ವಿನುತಾಳನ್ನು ಉಮೇಶನ ಕುರ್ಚಿಯಲ್ಲಿ ಕೂರಿಸಿದಳು. ಹೊನ್ನನ ಹೆಂಡತಿ ಆಶಿಷನ ಕೈಗೆ ಮೈಕಿನ ಕಂಬ ಮುಟ್ಟಿಸಿದಳು. ಕುಪ್ಪನ ಕೂಸನ್ನು ಮೇಜಿನ ಮೇಲೆ ಮಲಗಿಸಿದ್ದಾಯಿತು. ಜಟ್ಟಪ್ಪ ಸುಮಿತನ ಕೈಯನ್ನು ಸಾಹೇಬರ ಕೈಯೊಳಗಿಟ್ಟು ಬೆರಳುಗಳನ್ನು ಮಡಚಿದ.

"ಬಿಡ್ಬೇಡಿ. ನಾ ಎಂಟು ವರ್ಷ ಬಿಡ್ಲಿಲ್ಲ."

ಆಮೇಲೆ ಎಲ್ಲರೂ ಹೊರಗೆ ನಡೆದರು. ಸಭಾಭವನಕ್ಕೆ ಒಂದೇ ಬಾಗಿಲು, ಆರು ಮೆಟ್ಟಿಲು. ಮೆಟ್ಟಿಲ ತುಂಬ ಹೆಂಗಸರು ಬೆನ್ನು ತಿರುಗಿಸಿ ಕೂತರು. ಅವರನ್ನು ತುಳಿಯದೆ ಆಚೆಗೆ ಹೋಗುವ ಹಾಗಿರಲಿಲ್ಲ. ದೇವಿದಾಸ ಪೊಲೀಸರಿಗೆ ಫೋನು ಮಾಡುತ್ತೇನೆಂದು ಕಿರುಚಿದ. "ಮಾಡಾ, ಕೂಸಿನ ಚಡ್ಡಿ ಬದಲಿಸೂಕೆ ಅವ್ರಾದ್ರೂ ಬರ್ಲಿ," ಎಂದಳು ವೈಜಯಂತಿ.

ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿ ಮಗ ಬೇರೆಯವರ ಕೈಯಲ್ಲಿದ್ದ, ಕಮಲಿಯ ಸೊಂಟ ಖಾಲಿಯಿತ್ತು. ಆ ಹಗುರ ಅವಳಿಗೆ ತಡೆಯಲಾಗಲಿಲ್ಲ. ಒಳಗೆ ನಾಗ ಕೂಗಿದ. ಅವಳ ಕಾಲು ತಾನಾಗಿ ಎದ್ದಿತು. ಬೀರಮ್ಮ ಕೈ ಹಿಡಿದೆಳೆದು ಕೂರಿಸಿದಳು. ಮತ್ತೊಂದು ಕೂಗು. ಕುರ್ಚಿ ಎಳೆದ ಸದ್ದು. ಕೂಸಿನ ಅಳು. ಉಮೇಶನ ಬೈಗುಳ ಮೈಕಿನಲ್ಲಿ ಸಿಕ್ಕಿ ರಸ್ತೆಯವರೆಗೂ ಕೇಳಿತು.

ಅಷ್ಟರಲ್ಲಿ ಅಮಿತಾಳ ದನಿ:

"ಸರ್, ನನ್ನ ಎರಡೂ ಕೈ ಖಾಲಿಯಿಲ್ಲ. ನೀವು ಬರೀರಿ."

ಮೈಕಿನಲ್ಲಿ ಹಾಳೆ ತಿರುವಿದ ಸದ್ದು ಕೇಳಿತು. ಬಳಿಕ ಸಾಹೇಬರು ಬಾಗಿಲ ಕಡೆ ಮುಖ ಮಾಡಿ ಕೇಳಿದರು, "ಈ ಹುಡುಗನ ಹೆಸರೇನಮ್ಮ?"

ಕಮಲಿ ತಿರುಗಲಿಲ್ಲ.

"ಅವನ್ನೇ ಕೇಳ್ರಿ," ಎಂದಳು. "ಹೇಳ್ತಾನೆ. ಹೊತ್ತು ಬೇಕು ಅವಂಗೆ. ಕಾಯ್ರಿ."