ತಮ್ಮನ ಬೀಗ

ಅಕ್ಕ ತಮ್ಮ ಇಬ್ಬರೂ ನೋಡಿಕೊಳ್ಳುತ್ತಿದ್ದ ಬಡಾವಣೆಯ ಬ್ಯಾಟರಿ ಕೋಣೆಯಲ್ಲಿ, ಮುಖ್ಯ ಸ್ವಿಚ್ಚಿಗೆ ತಮ್ಮ ಹಾಕಿಹೋದ ಹಳದಿ ಬೀಗ ಹಾಗೆಯೇ ನೇತಾಡುತ್ತಿತ್ತು. ಇನ್ವರ್ಟರಿಗೆ ಹೊಸ ಫ್ಯಾನು ಕೂರಿಸಿದ್ದ. ಮುಚ್ಚಳಕ್ಕೆ ಒಂದು ಸ್ಕ್ರೂ ಕಮ್ಮಿ ಬಿತ್ತೆಂದು, "ಈಗ ಬಂದೆ ಅಕ್ಕಾ" ಅಂದು ಬೈಕ್ ಹತ್ತಿದವನು. ತಿರುವಿನಲ್ಲಿ ಲಾರಿ. ಅವನನ್ನು ಮಣ್ಣಿಗೆ ಕಳಿಸಿಕೊಟ್ಟು ವಾರವಾಗಿತ್ತು.

ಈ ಕೆಲಸಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ: ಬೀಗ ಹಾಕಿದವನೇ ತೆಗೆಯಬೇಕು. ಬೀಗ ಇದೆಯೆಂದರೆ ಆಸಾಮಿ ಒಳಗೆ ತಂತಿಗೆ ಕೈಯಿಟ್ಟಿದ್ದಾನೆಂದೇ ಲೆಕ್ಕ. ತೆಗೆದ ಮೇಲೂ ಒಮ್ಮೆ ಕೂಗಿ, ಉತ್ತರ ಬಂದರೆ ಮಾತ್ರ ಸ್ವಿಚ್ಚೆತ್ತಬೇಕು. ಅಕ್ಕ ಕೂಗಿದಾಗಲೆಲ್ಲ ತಮ್ಮನ ಉತ್ತರ ಒಂದೇ: "ಇನ್ನೂ ಬದುಕಿದೀನಿ, ಕೊಡಕ್ಕಾ!" ಕೆಟ್ಟ ಮಾತು ಆಡಬೇಡವೋ ಎಂದು ಅವಳು ಬೈಯುತ್ತಿದ್ದಳು.

ವಾರವಿಡೀ ಬೀಗದ ಕೀ ಕೇಳಿದವರಿಗೆ, "ಸಿಗಲಿಲ್ಲ, ಅವನ ಜೊತೇನೇ ಹೋಯ್ತು" ಎಂದಿದ್ದಳು.

ಮಧ್ಯಾಹ್ನ ಊರಿನ ಲೈನ್ ಹೋಯಿತು. ಅಂಥ ಹೊತ್ತಿನಲ್ಲಿ ಬಡಾವಣೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಬ್ಯಾಟರಿಯ ಇನ್ವರ್ಟರ್ ಮೊದಲು ತಾಳ ಹಾಕಬೇಕು, ಛಾವಣಿಯ ಸೋಲಾರುಗಳು ಆಮೇಲೆ ದನಿಗೂಡಿಸುತ್ತವೆ. ಅದು ಮಲಗಿದ್ದರೆ ಬಿಸಿಲು ಸುಡುತ್ತಿದ್ದರೂ ಇವು ಬಾಯಿ ಬಿಡುವುದಿಲ್ಲ.

ಎದುರಿನ ಹೆರಿಗೆ ಆಸ್ಪತ್ರೆಯ ನರ್ಸ್ ಓಡಿಬಂದಳು. "ಮೇಡಂ, ತಿಂಗಳು ತುಂಬದ ಕೂಸು ಬೆಚ್ಚಗಿಡೋ ಪೆಟ್ಟಿಗೇಲಿದೆ. ನಮ್ಮ ಯುಪಿಎಸ್ ಆಗಲೇ ಬಡ್ಕೊಳ್ತಾ ಇದೆ!"

ಮುದುಕ ಮೇಸ್ತ್ರಿ ಕಟರ್ ಹಿಡಿದು ಬಂದ. ತಮ್ಮ ಹೋದ ಮೇಲೆ ಇನ್ವರ್ಟರನ್ನು ಪೂರ್ತಿ ಪರೀಕ್ಷಿಸಿ ಮುಚ್ಚಳ ಬಿಗಿದಿದ್ದವನು ಅವನೇ. ಬೀಗ ಕತ್ತರಿಸುವ ಮುನ್ನ ಕೇಳಲೇಬೇಕಾದ ಮಾತೊಂದಿತ್ತು.

"ಕೇಳದೆ ವಿಧಿಯಿಲ್ಲ ತಾಯಿ. ಬೀಗ ಹಾಕಿದೋನು ಒಳಗಿಲ್ಲ ಅಂತ... ಖಾತ್ರೀನಾ?"

ಅಕ್ಕ ಬೀಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನೀನು ಹೇಳದೆ ನಾನು ಕತ್ತರಿಸಲ್ಲ."

"ಕತ್ತರಿಸ್ಬೇಡಿ." ಅವಳು ಚೀಲಕ್ಕೆ ಕೈಹಾಕಿದಳು. ಅವತ್ತು ಆಸ್ಪತ್ರೆಯವರು ತಮ್ಮನ ಅಂಗಿಯ ಜೊತೆ ಕೊಟ್ಟಿದ್ದ ಕೀಗೊಂಚಲು ಹೊರಬಂತು.

"ನಿನ್ನ ಹತ್ರಾನೇ ಇತ್ತಾ!"

"ಬೀಗ ಇರೋ ತನಕ ಅವನು ಒಳಗಿದಾನೆ ಅಂತ ತಾನೇ ಮೇಸ್ತ್ರಿ ಲೆಕ್ಕ?"

ಮೇಸ್ತ್ರಿ ಕಟರನ್ನು ಮೆಲ್ಲಗೆ ನೆಲಕ್ಕಿಟ್ಟ. "ಹೇಳವ್ವ."

"ಒಳಗಿಲ್ಲ," ಅಂದಳು ಅಕ್ಕ. "ಅವನು ಒಳಗಿಲ್ಲ."

ಬೀಗ ಸಲೀಸಾಗಿ ಬಿಚ್ಚಿಕೊಂಡಿತು. ಅದಕ್ಕೆ ಎಣ್ಣೆ ಬಿಡುವುದನ್ನು ಅವನು ಎಂದೂ ಮರೆತವನಲ್ಲ. ಅವಳು ಸ್ವಿಚ್ಚಿನ ಮೇಲೆ ಕೈಯಿಟ್ಟು, ಇನ್ವರ್ಟರಿನ ಹಿಂದಿನ ಓಣಿಯತ್ತ ಕೂಗಿದಳು. "ಕರೆಂಟ್ ಬರ್ತಿದೆ, ದೂರ!"

ರೂಢಿ. ಉತ್ತರಕ್ಕೆ ಕಾದಳು.

ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಈಗ ಉತ್ತರ ಕೊಡಬೇಕಾದವನು ತಾನು ಎಂದು ಅವನಿಗೂ ಗೊತ್ತಿತ್ತು. ಬಾಗಿಲಲ್ಲಿ ನರ್ಸ್, "ಬೇಗ ಮೇಡಂ" ಅಂದಳು.

ಉತ್ತರವಿಲ್ಲದೆಯೇ ಅಕ್ಕ ಸ್ವಿಚ್ಚೆತ್ತಿದಳು. ಎದುರಿನ ಆಸ್ಪತ್ರೆಯಲ್ಲಿ ದೀಪ ಹತ್ತಿತು. ನರ್ಸ್ ಓಡಿದಳು. ತಮ್ಮ ಕೂರಿಸಿದ್ದ ಹೊಸ ಫ್ಯಾನು ತಿರುಗತೊಡಗಿ, ಬೆಚ್ಚನೆಯ ಗಾಳಿ ಅವಳ ಮುಖಕ್ಕೆ ಬಂತು.