ಕೊಟ್ಟಿಗೆಯ ಕರಿಬಟ್ಟೆ

"ಯಾವ ಬೋಳಿಮಗ ಇದ್ನ ಕಟ್ಟಿರೋನು? ನನ್ ಕೊಟ್ಟಿಗೇಲೇ ಮಾಟ ಮಾಡೋವಷ್ಟು ಸೊಕ್ಕು ಬಂತಾ ನಿಮ್ಗೆ?"

ಧಣಿ ಚನ್ನಬಸವಯ್ಯನ ದನಿ ಕೇಳಿ ಕೆಂಚಮ್ಮನ ಕೈಯಲ್ಲಿದ್ದ ಸಗಣಿಬುಟ್ಟಿ ಜಾರಿಬಿತ್ತು. ಅವಳೇ ಕಂಬಕ್ಕೆ ಕಟ್ಟಿದ್ದ ಕರಿಬಟ್ಟೆಯನ್ನು ಅವನು ದೊಣ್ಣೆಯಿಂದ ತಿವಿಯುತ್ತಿದ್ದ. ಬಟ್ಟೆಯ ತುಂಬ ಹಲಸಿನ ಅಂಟು, ಅಂಟಿನ ತುಂಬ ದನದ ರಕ್ತ ಕುಡಿದು ಕೊಬ್ಬಿದ ನೊಣಗಳು.

"ಮಾಟ ಅಲ್ಲ ಬುದ್ದಿ. ಬೆಳಗೋಡಿಗೆ ಬಂದಿದ್ದ ದನದ ಡಾಕ್ಟ್ರು ಹೇಳಿದ್ರು. ಜ್ವರದ ದನಾನ ಕಚ್ಚಿದ ನೊಣ ಇನ್ನೊಂದ್ನ ಕಚ್ಚಿದ್ರೆ ಅದ್ಕೂ ಜ್ವರ ಹತ್ತುತ್ತಂತೆ. ಕರೀದು ಕಂಡ್ರೆ ನೊಣ ಬಂದು ಕೂರ್ತವಂತೆ. ಅದ್ಕೇ ನನ್ ಹಳೇ ಸೀರೆ ಹರ್ದು ಅಂಟು ಬಳ್ದೆ..."

"ಕೇರಿಯವಳ ಮೈಲಿಗೆ ಸೀರೇನ ನನ್ ಹಸೀನ ಪಕ್ಕ ಕಟ್ಟಿದ್ಯಾ? ಥೂ! ಕಿತ್ತು ಬಿಸಾಕು. ಎತ್ತು ಎರಡೂ ಕೊಂದು ತಿಂದ್ರಿ, ಈಗ ಹಸೂನೂ ಬೇಕಾ? ನಿನ್ ಗಂಡ ವಿಷ ಹಾಕ್ತಾನೆ ಅಂತ ಊರೇ ಹೇಳ್ತೈತೆ. ಇದೂ ಸತ್ರೆ ಅವನ್ನ ಇದೇ ಕಂಬಕ್ಕೆ ಕಟ್ಟಿ ಚರ್ಮ ಸುಲೀತೀನಿ."

ಸತ್ತ ದನವನ್ನು ಎಳೆದೊಯ್ದು ಸುಲಿಯುವುದು ಅವಳ ಗಂಡ ಲಕ್ಕಯ್ಯನ ಮನೆತನಕ್ಕೆ ಅಂಟಿದ ಚಾಕರಿ. ಚರ್ಮ ಧಣಿಗೆ, ಬಾಡು ಕೇರಿಗೆ. ಆ ಬಾಡಿನ ಆಸೆಗೇ ವಿಷ ಹಾಕುತ್ತಾರೆಂಬ ಮಾತು ಊರಲ್ಲಿ ಹುಟ್ಟಿತ್ತು. ಹಸು ಉಳಿದರೆ ಗಂಡ ಉಳಿದ, ಅಷ್ಟೇ. ಅದಕ್ಕೇ ಕದ್ದುಮುಚ್ಚಿ ಕಟ್ಟಿದ್ದಳು. ಈಗ ಧಣಿಯ ಎದುರೇ ಬಿಚ್ಚಿದಳು.

ಆ ತಿಂಗಳು ಕಳೆಯುವ ಮೊದಲೇ ಹಸು ಮೇವು ಬಿಟ್ಟಿತು. ಕಣ್ಣಲ್ಲಿ ನೀರು ಸುರಿಸುತ್ತ ನಿಂತಿದ್ದದ್ದು ಒಂದು ಬೆಳಿಗ್ಗೆ ಮಗ್ಗುಲಾಯಿತು.

ಧಣಿಯ ಆಳು ಗಿಡ್ಡಯ್ಯ ಕೇರಿಯಾಚೆಗೇ ನಿಂತು ಕೂಗಿದ. "ಲೋ ಲಕ್ಕ, ಹಸು ಸತ್ತೋಗ್ಬುಡ್ತು. ಹಗ್ಗ ತಗಂಡು ಬರ್ಬೇಕಂತೆ ಕಣೋ!"

ಲಕ್ಕಯ್ಯ ಹಗ್ಗಕ್ಕೆ ಕೈಹಾಕಿದ.

"ಹೋಗ್ಬ್ಯಾಡ," ಎಂದಳು ಕೆಂಚಮ್ಮ.

"ಹೋಗ್ದಿದ್ರೆ ಕೊಂದ್ಬುಡ್ತಾರೆ ಕಣೇ."

"ಹೋದ್ರೂ ಕೊಲ್ತಾರೆ."

ಅವನ ಕೈಯಿಂದ ಹಗ್ಗ ಕಿತ್ತು ಉರಿಯುವ ಒಲೆಗೆ ತುರುಕಿದಳು. ಹೊರಗೆ ಬಂದು ಕೂಗಿದಳು. "ಗಿಡ್ಡಣ್ಣಾ, ನಿನ್ ಧಣಿಗೆ ಹೇಳು. ಜೀವ ಇದ್ದಾಗ ನನ್ ಸೀರೆ ಮೈಲಿಗೆ, ಸತ್ ಮೇಲೆ ನಮ್ ಕೈ ಬೇಕಾ? ಅವರ ಹಸು, ಅವ್ರೇ ಎಳ್ಕಳ್ಳಿ!"

ಗಿಡ್ಡಯ್ಯ ಧಣಿಯ ಮನೆ ಕಡೆಗೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ಕಾಫಿತೋಟದ ಇಳಿಜಾರಿನಲ್ಲಿ ದೊಣ್ಣೆ ಹಿಡಿದ ಗಂಡಸರು ಇಳಿದು ಬರುವುದು ಕಂಡಿತು. ಕೇರಿಯ ತಟ್ಟಿಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕೆಂಚಮ್ಮ ಗಂಡನನ್ನು ಒಳಗೆ ತಳ್ಳಿ, ಕುಡುಗೋಲನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು. ಅವಳು ಏಳಲಿಲ್ಲ.